ಲಾಲ್‌ಬಾಗಿನಲ್ಲಿ ಗೂಡು ಕಟ್ಟುವ ಕಾಲ

ಬೆಂಗಳೂರಿನ ಲಾಲ್‌ಬಾಗ್ ಎಂದೊಡನೆ ನೆನಪಾಗುವುದು ಗಾಜಿನ ಮನೆ ಮತ್ತು ಫಲಪುಷ್ಪ ಪ್ರದರ್ಶನ. 1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟ ಇಂದು ಸುಮಾರು 240 ಎಕರೆಗಳಷ್ಟು ಹರಡಿದೆ. ಹೂ ನೋಡಲು ಜನ ಮುಗಿಬೀಳುವುದು ಜನವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ. ಆದರೆ ಪರೀಕ್ಷೆಗಳು ಮುಗಿದು ಮಕ್ಕಳಿಗೆ ಬೇಸಿಗೆ ರಜೆ ಬರುವ ಹೊತ್ತಿಗೆ ಇಲ್ಲಿ ಇನ್ನೊಂದು ಪ್ರದರ್ಶನ ನಡೆಯುತ್ತಿರುತ್ತದೆ. ಅದನ್ನು ನೋಡಲು ಬೇಕಾದದ್ದು ಮುಂಜಾನೆಯ ಒಂದು ಗಂಟೆ ಮತ್ತು ಸ್ವಲ್ಪ ತಾಳ್ಮೆ.

ತಲೆಯ ಮೇಲೆ ಕರಿಯ ಜುಟ್ಟು, ಕೆನ್ನೆಯ ಮೇಲೆ ಕೆಂಪು ಬೊಟ್ಟು ಇರುವ ಹಕ್ಕಿಯೇ ಪಿಕಳಾರ. ಇದು ಪೊದೆಯೊಳಗೆ ಬೇರು, ಒಣಹುಲ್ಲುಗಳಿಂದ ಪುಟ್ಟ ಬಟ್ಟಲಿನಂಥ ಗೂಡು ಕಟ್ಟುತ್ತದೆ. ಎರಡು ಮೂರು ಮೊಟ್ಟೆಗಳು, ಸುಮಾರು ಹನ್ನೆರಡು ದಿನ ಕಾವು, ಮತ್ತೆ ಅಷ್ಟೇ ದಿನಗಳಲ್ಲಿ ಮರಿಗಳು ಹೊರಗೆ! ಈ ಅವಸರಕ್ಕೆ ಕಾರಣವಿದೆ. ಗೂಡಿನಲ್ಲಿ ಕಳೆಯುವ ಒಂದೊಂದು ದಿನವೂ ಅಪಾಯದ್ದೇ.

ಸಿಂಪಿಗ ಹಕ್ಕಿಯ ಉಪಾಯ ಬೇರೆ. ಅದು ಗಿಡದಲ್ಲಿರುವ ಹಸಿರೆಲೆಯನ್ನೇ ನಾರು, ಜೇಡರ ನೂಲುಗಳಿಂದ ಹೊಲಿದು ಒಳಗೆ ಗೂಡು ಮಾಡುತ್ತದೆ. ಎಲೆ ಬಾಡದಿರುವುದರಿಂದ ಗೂಡು ಕಣ್ಣಿಗೆ ಬೀಳದು. ಸೂರಕ್ಕಿಯ ತೂಗುವ ಚೀಲವಂತೂ ಜೇಡರ ಬಲೆಗೆ ಸಿಕ್ಕ ಕಸದಂತೆ ಕಾಣುತ್ತದೆ. ಕಂಚುಗಾರ ಹಕ್ಕಿ ಒಣಕೊಂಬೆಯಲ್ಲಿ ತನ್ನ ಮೈ ಹಿಡಿಸುವಷ್ಟೇ ತೂತು ಕೊರೆಯುತ್ತದೆ.

ಇಷ್ಟೆಲ್ಲ ಎಚ್ಚರಿಕೆ ಯಾರಿಗಾಗಿ? ಮೊದಲನೆಯ ಶತ್ರು ಕಾಗೆ. ಯಾವ ಹಕ್ಕಿ ಹುಳು ಕಚ್ಚಿಕೊಂಡು ಯಾವ ಪೊದೆಗೆ ಹೋಯಿತೆಂದು ಕೊಂಬೆಯ ಮೇಲೆ ಕೂತು ಗಮನಿಸುತ್ತದೆ. ಕೆಂಬೂತ ಪೊದೆಯೊಳಗೇ ನುಸುಳಿ ಹುಡುಕುತ್ತದೆ. ಕೇರೆಹಾವು ಕೊಂಬೆ ಹತ್ತಿ ಬರುತ್ತದೆ. ಶಿಕ್ರ ಎಂಬ ಸಣ್ಣ ಡೇಗೆ ಮರೆಯಿಂದ ಸರ್ರನೆ ಎರಗುತ್ತದೆ. ಶತ್ರು ಕಂಡೊಡನೆ ಪಿಕಳಾರ ಕೂಗೆಬ್ಬಿಸುತ್ತದೆ; ಸಿಂಪಿಗ, ಅಳಿಲುಗಳೂ ದನಿಗೂಡಿಸುತ್ತವೆ. ಆ ಗದ್ದಲದ ಜಾಡು ಹಿಡಿದು ನೋಡಿದರೆ ಹಾವೋ ಕೆಂಬೂತವೋ ಕಂಡೀತು.

ಪರರ ಗೂಡಿಗೆ ಕನ್ನ ಹಾಕುವ ಕಾಗೆಯೂ ಮೋಸಹೋಗುವುದುಂಟು. ಕೋಗಿಲೆ ಅದರ ಗೂಡಿನಲ್ಲೇ ಮೊಟ್ಟೆಯಿಡುತ್ತದೆ. ಕೋಗಿಲೆಯ ಮರಿ ಸಾಮಾನ್ಯವಾಗಿ ಮೊದಲು ಹೊರಬಂದು, ಕಾಗೆ ತಂದ ತುತ್ತಿಗೆ ಬಾಯಿ ತೆರೆಯುತ್ತದೆ.

ಮರಿ ಕದಿಯುವ ಕೆಂಬೂತಕ್ಕೆ ಕಲ್ಲೆಸೆಯಬೇಕೆಂದು ಮಕ್ಕಳಿಗೆ ಅನ್ನಿಸುವುದು ಸಹಜ. ಆದರೆ ಅದರ ಗೂಡಿನಲ್ಲೂ ಹಸಿದ ಮರಿಗಳಿರುತ್ತವೆ. ಇಲಿಗಳನ್ನು ಹಿಡಿತದಲ್ಲಿಡುವುದು ಅದೇ ಕೇರೆಹಾವು. ಗೂಡು ಕಳೆದುಕೊಂಡ ಪಿಕಳಾರ ಸಾಮಾನ್ಯವಾಗಿ ಮತ್ತೆ ಕಟ್ಟುತ್ತದೆ. ಬೆಕ್ಕಿನ ಮಾತು ಮಾತ್ರ ಬೇರೆ. ಅದನ್ನು ಇಲ್ಲಿಗೆ ತಂದವನು ಮನುಷ್ಯ. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. ಮನೆಯ ಬೆಕ್ಕನ್ನು ಈ ತಿಂಗಳುಗಳಲ್ಲಾದರೂ ಒಳಗಿರಿಸುವುದು ಪಾಲಕರ ಕೈಯಲ್ಲಿದೆ.

ಪ್ರೀತಿಯಿಂದ ಇಣುಕುವವನೂ ಗೂಡಿಗೆ ಅಪಾಯ ತರಬಲ್ಲ. ಎಲೆ ಸರಿಸಿದರೆ ಮರೆ ತಪ್ಪುತ್ತದೆ. ಹತ್ತಿರ ನಿಂತರೆ ತಾಯಿ ಬಾರದೆ ಮೊಟ್ಟೆ ತಣ್ಣಗಾಗುತ್ತದೆ. ಹಕ್ಕಿ ಹುಳು ಕಚ್ಚಿಕೊಂಡೇ ಗೂಡಿಗೆ ಹೋಗದೆ ಕೊಂಬೆಯ ಮೇಲೆ ಚಡಪಡಿಸುತ್ತಿದ್ದರೆ, ನೋಡುವವರು ತೀರ ಹತ್ತಿರ ಬಂದಿದ್ದಾರೆಂದೇ ಅರ್ಥ. ತಕ್ಷಣ ಹಿಂದೆ ಸರಿಯಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಗಳ ಗೂಡು ಕೆದಕುವುದನ್ನೂ ಬೇಟೆಯೆಂದೇ ಪರಿಗಣಿಸುತ್ತದೆ.

ಪುಕ್ಕ ಮೂಡಿದ ಮರಿ ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಮನೆಗೆ ತರಬಾರದು. ತಾಯಿತಂದೆ ಅಲ್ಲೇ ಸುತ್ತಮುತ್ತ ಇರುತ್ತವೆ. ಪುಕ್ಕವಿಲ್ಲದ ಮರಿ ಬಿದ್ದಿದ್ದು ಗೂಡು ಕೈಗೆಟಕುವಂತಿದ್ದರೆ ಮೆಲ್ಲನೆ ಒಳಗಿಡಬಹುದು. ಮನುಷ್ಯ ಮುಟ್ಟಿದ ಮರಿಯನ್ನು ಹಕ್ಕಿ ಸೇರಿಸದೆಂಬ ಮಾತು ನಿಜವಲ್ಲ.

ಈ ರಜೆಯಲ್ಲಿ ಮಕ್ಕಳ ಕೈಗೊಂದು ನೋಟ್‌ಬುಕ್ ಕೊಡಿ. ತಾರೀಖು, ಹೊತ್ತು, ಅರ್ಧ ಗಂಟೆಯಲ್ಲಿ ಹಕ್ಕಿ ಎಷ್ಟು ಬಾರಿ ಆಹಾರ ತಂದಿತು, ಯಾವಾಗ ಕೂಗಿತು, ಆಗ ಹತ್ತಿರ ಯಾರಿದ್ದರು ಎಂಬುದನ್ನು ಬರೆದಿಡಲಿ. ಒಂದು ಗೂಡನ್ನು ದೂರದಿಂದ ಹೀಗೆ ಗಮನಿಸಿದ ವಿದ್ಯಾರ್ಥಿಗೆ ಪಠ್ಯಪುಸ್ತಕದ ಆಹಾರ ಸರಪಳಿಯನ್ನು ಬಾಯಿಪಾಠ ಮಾಡುವ ಅಗತ್ಯವೇ ಇರದು.