ಕಾವಲೂರಿನ ಬೆಟ್ಟದಲ್ಲಿ ಒಂದು ಸಂಜೆ

ತಮಿಳುನಾಡಿನ ಜವಾದಿ ಬೆಟ್ಟಸಾಲಿನ ಕಾವಲೂರಿನಲ್ಲಿರುವ ಖಗೋಳ ವೀಕ್ಷಣಾಲಯವನ್ನು ಸಂದರ್ಶಿಸುವ ಸುಯೋಗ ಈಚೆಗೆ ನನಗೆ ಲಭಿಸಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಈ ನೆಲೆಯಲ್ಲಿ 2.34 ಮೀಟರ್ ವ್ಯಾಸದ ದರ್ಪಣವುಳ್ಳ ಬೃಹತ್ ದೂರದರ್ಶಕವಿದೆ. ಅದನ್ನು ನಮ್ಮ ದೇಶದಲ್ಲಿಯೇ ನಿರ್ಮಿಸಬೇಕೆಂದು ಶ್ರಮಿಸಿದ ವಿಜ್ಞಾನಿ ವೈನು ಬಾಪ್ಪು ಅವರು 1982ರಲ್ಲಿ ನಿಧನರಾದರು. ದೂರದರ್ಶಕವು ಲೋಕಾರ್ಪಣೆಗೊಂಡದ್ದು 1986ರಲ್ಲಿ. ಅದರಿಂದ ಆಕಾಶವನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ಇಂದು ವೀಕ್ಷಣಾಲಯಕ್ಕೆ ಅವರದೇ ಹೆಸರು.

ಗುಮ್ಮಟದ ಕೆಳಗೆ ನಿಂತಾಗ ನನ್ನ ತಾಳೆಗರಿ ಗ್ರಂಥವೊಂದರ ಸಂಪಾದನಕಾರ್ಯ ನೆನಪಾಯಿತು. ಈ ವಯಸ್ಸಿನಲ್ಲಿ ಮುಗಿಸಬಲ್ಲೆನೇ ಎಂಬ ಶಂಕೆಯಿಂದ ಅದನ್ನು ಅರ್ಧಕ್ಕೇ ಕಟ್ಟಿಟ್ಟಿದ್ದೆ. ಫಲವನ್ನೆಣಿಸದೆ ಕಾಯಕ ಮಾಡಬೇಕೆಂದು ಮಠದಲ್ಲಿ ಗುರುಗಳು ಕಲಿಸಿದ್ದನ್ನು ಮರೆತೆನಲ್ಲಾ ಎಂದು ನಾಚಿಕೆಯಾಯಿತು. ಊರಿಗೆ ಮರಳಿದ ಮರುದಿನವೇ ಆ ಕಟ್ಟನ್ನು ಬಿಚ್ಚಿದೆ. ನನ್ನಿಂದಾಗದಿದ್ದರೆ ಮುಂದೆ ಬರುವವರು ಪೂರೈಸಿಯಾರು.