ಗ್ರನೋಬಲ್ ನಗರದಲ್ಲಿ ಒಂದು ಹೊತ್ತಿನ ಊಟ

ಫ್ರಾನ್ಸ್ ದೇಶದ ಆಗ್ನೇಯ ಭಾಗದಲ್ಲಿ, ಆಲ್ಪ್ಸ್ ಪರ್ವತಗಳ ಮಡಿಲಲ್ಲಿ, ಇಸೇರ್ ಮತ್ತು ದ್ರಾಕ್ ನದಿಗಳ ಸಂಗಮದ ಬಳಿ ಗ್ರನೋಬಲ್ ನಗರವಿದೆ. ಹಿಂದೆ ಇದು ದೋಫಿನೇ ಪ್ರಾಂತದ ರಾಜಧಾನಿಯಾಗಿತ್ತು. 1934ರಲ್ಲಿ ಆರಂಭವಾದ ತೂಗುಬಂಡಿಯಲ್ಲಿ ಬಾಸ್ತಿಯ್ ಕೋಟೆಯನ್ನೇರಿ, ಸುತ್ತಣ ಗಿರಿಶಿಖರಗಳನ್ನು ಕಣ್ತುಂಬ ನೋಡಿ ಕೆಳಗಿಳಿದೆವು. ಆದರೆ ನಮ್ಮೊಡನಿದ್ದ ವಯೋವೃದ್ಧ ತಾಯಿಯವರು ಮೂರು ದಿನಗಳಿಂದ ಬ್ರೆಡ್ಡು, ಹಣ್ಣುಗಳಲ್ಲಿಯೇ ಕಾಲ ಕಳೆಯುತ್ತಿದ್ದುದು ನಮ್ಮ ಮನಸ್ಸನ್ನು ಕೊರೆಯುತ್ತಿತ್ತು.

ಅಂದು ಮಧ್ಯಾಹ್ನ ಒಂದು ಉಪಾಹಾರ ಗೃಹದಲ್ಲಿ, ಹೊಂಬಣ್ಣದ ಪದರು ಕಟ್ಟಿದ ಬಿಸಿ ಆಲೂಗಡ್ಡೆಯ ತಟ್ಟೆ ಬಂದಿತು. ನಾವು ಸಂತೋಷದಿಂದ ಕೈಯಿಕ್ಕಿದೆವು. ತಾಯಿಯವರು ಮಾತ್ರ, "ಇದರಲ್ಲಿ ಏನೇನಿದೆ, ಕೇಳಿರಿ" ಎಂದರು. ಕೇಳಿದಾಗ ತಿಳಿದದ್ದು: ಮೇಲಿನ ಪದರು ಬೊಫೋರ್ ಚೀಸಿನದು, ಅದಕ್ಕೆ ಹಾಲನ್ನು ಹೆಪ್ಪುಗಟ್ಟಿಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ! ತಾಯಿಯವರು ಮೌನವಾಗಿ ತಟ್ಟೆಯನ್ನು ಸರಿಸಿದರು. ಕೇಳದೆಯೇ ಉಂಡಿದ್ದ ನಾವು ತಲೆತಗ್ಗಿಸಿದೆವು.

ಸಂಜೆ ಈ ಸಂಗತಿಯನ್ನು ಕೇಳಿದ ನಮ್ಮ ಬಿಡಾರದ ಒಡತಿ ನಕ್ಕು, "ಅದು ಸವೋಯ್ ಸೀಮೆಯ ರೀತಿ. ನಮ್ಮ ಗ್ರಾತಾಂ ದೋಫಿನ್ವಾಕ್ಕೆ ಚೀಸೂ ಬೇಡ, ಮೊಟ್ಟೆಯೂ ಬೇಡ" ಎಂದು ತಾವೇ ಮಾಡಲು ನಿಂತರು. ಮಣ್ಣಿನ ಪಾತ್ರೆಗೆ ಬೆಳ್ಳುಳ್ಳಿ ಉಜ್ಜಿ, ಬೆಣ್ಣೆ ಸವರಿದರು. ಆಲೂಗಡ್ಡೆಯನ್ನು ತೆಳುವಾಗಿ ಹೆಚ್ಚಿದ ಮೇಲೆ ತೊಳೆಯಲಿಲ್ಲ. ಅದರ ಪಿಷ್ಟವೇ ಹಾಲನ್ನು ಗಟ್ಟಿಗೊಳಿಸಬೇಕು. ಹಾಲು, ಕೆನೆ, ಉಪ್ಪು, ಮೆಣಸು, ಚೂರು ಜಾಯಿಕಾಯಿ ಸೇರಿಸಿ, ಒಲೆಯ ಹದವಾದ ಕಾವಿನಲ್ಲಿ ಒಂದು ಗಂಟೆಗೂ ಮಿಕ್ಕು ಬೇಯಿಸಿದರು. ಮೇಲಿನ ಕೆನೆಯೇ ಕೆಂಪಗೆ ಹೊಂಬಣ್ಣಕ್ಕೆ ತಿರುಗಿತು.

1788ರ ಜುಲೈ 12ರಂದು ಕ್ಲೆರ್ಮೋಂ-ತೊನ್ನೆರ್‌ನ ಡ್ಯೂಕ್ ಗಾಪ್ ಪಟ್ಟಣದ ಅಧಿಕಾರಿಗಳಿಗೆ ಇತ್ತ ಔತಣದಲ್ಲಿ ಈ ಭಕ್ಷ್ಯದ ಹೆಸರು ಮೊದಲು ಕಾಣಿಸಿಕೊಂಡಿತೆನ್ನುತ್ತಾರೆ. 'ಗ್ರಾತಾಂ' ಎಂಬುದು ಕೆರೆಯುವುದೆಂಬ ಅರ್ಥದ ಮಾತಿನಿಂದ ಬಂದದ್ದು. ಪಾತ್ರೆಗೆ ಅಂಟಿದ್ದನ್ನು ಕೆರೆದು ತಿನ್ನುವುದೇ ಅದರ ಸವಿ. ನಮ್ಮ ತಾಯಿಯವರೂ, ಮನೆಯಲ್ಲಿ ಹಾಲಿನ ಪಾತ್ರೆಯ ಅಂಚನ್ನು ಕೆರೆಯುವಂತೆ, ಚಮಚದಿಂದ ಕೆರೆದು ಕೆರೆದು ಉಂಡರು. ಅವರು ತೃಪ್ತಿಯಿಂದ ಊಟ ಮಾಡಿದ್ದನ್ನು ನಾಲ್ಕನೆಯ ದಿನಕ್ಕೆ ಕಂಡೆವು.

ಪ್ರವಾಸ ಹೊರಡುವ ಬಂಧುಗಳಲ್ಲಿ ಒಂದು ಮಾತು. ಹೆಸರನ್ನು ನಂಬಿ ಉಣ್ಣಬೇಡಿ. ಪ್ರಸಿದ್ಧ ಬಾಣಸಿಗ ಎಸ್ಕಾಫಿಯೆಯವರೇ ಈ ಭಕ್ಷ್ಯಕ್ಕೆ ಮೊಟ್ಟೆಯನ್ನೂ ಗ್ರುಯೇರ್ ಚೀಸನ್ನೂ ಸೇರಿಸಿದ್ದಾರೆ. ವಿನಯದಿಂದ ಕೇಳುವುದರಲ್ಲಿ ಸಂಕೋಚವೇನೂ ಬೇಡ. ಕೇಳಿದುದರಿಂದಲೇ ಪರದೇಶದ ಒಂದು ಅಡುಗೆಮನೆಯ ಬಾಗಿಲು ನಮಗೆ ತೆರೆಯಿತು.