ಕಾರ್ ಪುಸ್ತಕ ಇನ್ನೂ ತಗೋಬೇಕಾ?

ಅಟ್ಟ ಗುಡಿಸ್ತಿದ್ದಾಗ ಮಗನ ಹಳೇ ಕಾರ್ ಪುಸ್ತಕಗಳ ಕಟ್ಟು ಸಿಕ್ತು. ಆಟೋಕಾರ್ ಇಂಡಿಯಾ, ಓವರ್‌ಡ್ರೈವ್. 2008ರಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಶುರುವಾದ್ಮೇಲೆ ನಮ್ಮ ವಿಜಯಪುರದ ರಸ್ತೇಲೂ ಕಾರು ಜಾಸ್ತಿಯಾದ್ವು, ಇವನಿಗೂ ಹುಚ್ಚು ಹಿಡೀತು. ತಿಂಗಳು ತಿಂಗಳೂ ತರೋನು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಅಂತ ಬೈತಿದ್ದೆ.

ಈಗ ನಿಜವಾಗ್ಲೂ ಕಾರು ತಗೊಳ್ಳೋ ಮಾತು. ನಮ್ಮತ್ತೆಗೆ ಮಂಡಿನೋವು, ಆಸ್ಪತ್ರೆಗೆ ಹೋಗೋಕೆ ಬಸ್ಸು ಹತ್ತೋಕಾಗಲ್ಲ. ಮಗ ಫೋನಲ್ಲಿ ವಿಡಿಯೋ ಹಾಕ್ದ, ನಾನೂ ಕೂತು ನೋಡ್ದೆ. ಬರೀ ಸ್ಕ್ರೀನು, ಸನ್‌ರೂಫು. ಹಿಂದಿನ ಸೀಟಿಗೆ ವಯಸ್ಸಾದೋರು ಹೆಂಗೆ ಹತ್ತೋದು ಅಂತ ನಾನು ನೋಡಿದ್ರಲ್ಲಿ ಒಬ್ರೂ ಹೇಳ್ಲಿಲ್ಲ.

ಹಳೇ ಪುಸ್ತಕ ಬಿಚ್ಚಿದ್ರೆ, ಓಡಿಸಿ ನೋಡಿ ಅಳೆದು ಬರೆದ ಪಟ್ಟಿನೇ ಇದೆ. ಬ್ರೇಕ್ ಹಾಕಿದ್ರೆ ಎಷ್ಟು ದೂರಕ್ಕೆ ನಿಲ್ಲುತ್ತೆ, ಊರೊಳಗೆ ಮೈಲೇಜ್ ಎಷ್ಟು, ಹೈವೇಲಿ ಎಷ್ಟು. ಹಿಂದಿನ ಸೀಟಿನ ಸುಖದುಃಖಾನೂ ಬರೆದಿದ್ದಾರೆ. ನನ್ನ ಪಿಯುಸಿ ಇಂಗ್ಲಿಷಿಗೂ ಅರ್ಥವಾಯ್ತು.

ಬೆಲೆ ಫೋನಲ್ಲೇ ಸಿಗುತ್ತೆ. 2023ರಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಸುರಕ್ಷತೆಗೆ ಕೊಡೋ ಸ್ಟಾರೂ ಅಷ್ಟೇ. ಅದಕ್ಕೆ ತಿಂಗಳು ತಿಂಗಳೂ ಪುಸ್ತಕ ಬೇಡ. ಆದ್ರೆ ಲಕ್ಷಗಟ್ಟಲೆ ಸುರಿಯೋ ಮುಂಚೆ ಒಂದೆರಡು ಹೊಸ ಸಂಚಿಕೆ ತಗೊಳ್ಳಿ, ದುಡ್ಡು ದಂಡವಾಗಲ್ಲ. ನಾನೇ ಮಗನಿಗೆ ದುಡ್ಡು ಕೊಟ್ಟು ತರೋಕೆ ಕಳಿಸ್ದೆ. ಓದಿ ಎರಡು ಕಾರು ಗುರುತು ಹಾಕ್ಕೊಂಡಿದ್ದೀವಿ. ಭಾನುವಾರ ಅತ್ತೇನ ಕರ್ಕೊಂಡೋಗಿ ಕೂರಿಸಿ ನೋಡ್ಬೇಕು.